ಟ್ಯಾಂಕ್ ಗೇಮ್‌ಗೆ ಪ್ಯಾಕೆಟ್ ಹೇಗೆ ಕಟ್ಟೋದು? ಜೇಸನ್ ಬಿಡಬೇಕಾ?

ಪ್ರಶ್ನೆ:
ನಮಸ್ಕಾರ. ಪೈಥಾನ್ ಕಲಿಯೋಕೆ ಶುರು ಮಾಡಿ ಎಂಟು ತಿಂಗಳಾಯಿತು. ಗೆಳೆಯನೂ ನಾನೂ ಸೇರಿ ಇಬ್ಬರು ಆಡುವ ಟ್ಯಾಂಕ್ ಗೇಮ್ ಮಾಡುತ್ತಿದ್ದೇವೆ. ಟ್ಯಾಂಕ್ ಎಲ್ಲಿದೆ, ಯಾವ ಕಡೆ ತಿರುಗಿದೆ ಅನ್ನೋದನ್ನ ಜೇಸನ್ (ಡೇಟಾವನ್ನು ಅಕ್ಷರಗಳಲ್ಲಿ ಬರೆಯುವ ವಿಧಾನ) ಮಾಡಿ, ಟಿಸಿಪಿ (ಕಳಿಸಿದ್ದನ್ನೆಲ್ಲ ಕ್ರಮವಾಗಿ ತಲುಪಿಸುವ ನೆಟ್‌ವರ್ಕ್ ವಿಧಾನ) ಸಾಕೆಟ್‌ನಲ್ಲಿ ಸೆಕೆಂಡಿಗೆ 60 ಸಲ ಕಳಿಸುತ್ತೇನೆ. ಒಂದು ಮೆಸೇಜ್ 62 ಬೈಟ್. ನನ್ನ ಲ್ಯಾಪ್‌ಟಾಪಿನಲ್ಲೇ ಎರಡು ವಿಂಡೋ ತೆರೆದು ಆಡಿದಾಗ ಚೆನ್ನಾಗಿತ್ತು. ಗೆಳೆಯನ ಮನೆ ವೈಫೈನಲ್ಲಿ ಟ್ಯಾಂಕ್ ನಿಂತು ನಿಂತು ಓಡುತ್ತದೆ, ಮಧ್ಯೆ ‘ಎಕ್ಸ್‌ಟ್ರಾ ಡೇಟಾ’ ಅಂತ ಎರರ್ ಬಂದು ಪ್ರೋಗ್ರಾಂ ನಿಂತೇ ಹೋಗುತ್ತದೆ. ಅಕ್ಷರಗಳ ಬದಲು ಸಂಖ್ಯೆಗಳನ್ನೇ ನೇರವಾಗಿ ಬೈಟ್ ಮಾಡುವ ಬೈನರಿ ಪ್ಯಾಕೆಟ್ ಮಾಡಿದರೆ ಸರಿ ಹೋಗುತ್ತಾ?

ಉತ್ತರ 1:
ಆ ಎರರ್‌ಗೆ ಬೈನರಿ ಮದ್ದಲ್ಲ. ಟಿಸಿಪಿಗೆ ‘ಒಂದು ಮೆಸೇಜ್’ ಅನ್ನೋದೇ ಗೊತ್ತಿಲ್ಲ, ನಲ್ಲಿ ನೀರಿನ ಹಾಗೆ ಬೈಟ್‌ಗಳು ಸಾಲಾಗಿ ಬರುತ್ತವೆ ಅಷ್ಟೆ. ನೀವು ಎರಡು ಸಲ ಕಳಿಸಿದ್ದು ಆ ಕಡೆ ಒಂದೇ ಸಲಕ್ಕೆ ಅಂಟಿಕೊಂಡು ಬರಬಹುದು, ಒಂದೂವರೆ ಮೆಸೇಜೂ ಬರಬಹುದು. ಪ್ರತಿ ಮೆಸೇಜಿನ ಮುಂದೆ ಅದರ ಉದ್ದವನ್ನು 2 ಬೈಟಿನಲ್ಲಿ ಬರೆಯಿರಿ. ಓದುವಾಗ ಮೊದಲು ಆ 2 ಬೈಟ್, ಆಮೇಲೆ ಅಷ್ಟು ಬೈಟ್ ಪೂರ್ತಿ ಸಿಗುವ ತನಕ ಲೂಪ್.

ಉತ್ತರ 2:
ಮೇಲಿನದು ಸರಿ. ಆದರೆ ಟ್ಯಾಂಕ್ ಇರುವ ಜಾಗ ಕಳಿಸೋಕೆ ಯುಡಿಪಿ (ಕಳೆದ ಪ್ಯಾಕೆಟ್ ಮತ್ತೆ ಕಳಿಸದ, ಕ್ರಮಕ್ಕೂ ಕಾಯದ ವಿಧಾನ) ಒಳ್ಳೆಯದು. ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಬರುವ ತನಕ ಅದರ ನಂತರದವೆಲ್ಲ ಕಾಯುತ್ತವೆ, ಟ್ಯಾಂಕ್ ನಿಂತು ನಿಂತು ಓಡೋದಕ್ಕೆ ಅದೇ ಕಾರಣ ಇರಬಹುದು. ಸ್ಕೋರು, ಚಾಟ್ ಟಿಸಿಪಿಯಲ್ಲೇ ಇರಲಿ.

ಈಗ ಬೈನರಿ ಪ್ಯಾಕೆಟ್‌ನ ಗಾತ್ರಕ್ಕೆ ಬರೋಣ. ಟೈಪ್ 1 ಬೈಟ್, ಆಟಗಾರನ ನಂಬರ್ 1, ಪ್ಯಾಕೆಟ್ ಸರಣಿ ಸಂಖ್ಯೆ 2, ಎಕ್ಸ್ 2, ವೈ 2, ದಿಕ್ಕು 1. ಒಟ್ಟು 9. ಮ್ಯಾಪ್ 2000 ಪಿಕ್ಸೆಲ್ ಅಗಲ ಇದ್ದರೆ ಎಕ್ಸ್ ಅನ್ನು 32ರಿಂದ ಗುಣಿಸಿ ಪೂರ್ಣಾಂಕ ಮಾಡಿ, 64000 ಆಗುತ್ತದೆ, 16 ಬಿಟ್‌ನ ಮಿತಿ 65535ರೊಳಗೇ ಕೂರುತ್ತದೆ. ದಿಕ್ಕಿಗೆ 360 ಡಿಗ್ರಿಯನ್ನು 256 ಭಾಗ ಮಾಡಿದರೆ ಒಂದು ಹೆಜ್ಜೆ ಸುಮಾರು 1.4 ಡಿಗ್ರಿ. ಕಣ್ಣಿಗೆ ಸಾಕು.

ಆದರೆ ಒಂದು ಲೆಕ್ಕ ನೋಡಿ. ನೀವು ಏನೇ ಕಳಿಸಿದರೂ ಐಪಿವಿ4 ಹೆಡರ್ (ಪ್ಯಾಕೆಟ್ ಮುಂದೆ ಸೇರುವ ವಿಳಾಸದಂಥ ಮಾಹಿತಿ) ಕನಿಷ್ಠ 20, ಯುಡಿಪಿ ಹೆಡರ್ 8, ಒಟ್ಟು 28 ಬೈಟ್ ಮೇಲೆ ಸೇರುತ್ತದೆ. 9 ಬೈಟಿನ ಬೈನರಿಯನ್ನು ಸೆಕೆಂಡಿಗೆ 60 ಸಲ ಕಳಿಸಿದರೆ 2220 ಬೈಟ್. ನಿಮ್ಮ ಅದೇ 62 ಬೈಟಿನ ಜೇಸನ್ ಅನ್ನು 20 ಸಲ ಮಾತ್ರ ಕಳಿಸಿದರೆ 1800! ಅಂದರೆ ಮೊದಲು ಎಷ್ಟು ಸಲ ಕಳಿಸುತ್ತೀರಿ ಅನ್ನೋದನ್ನ ಕಡಿಮೆ ಮಾಡಿ, ಆಮೇಲೆ ಬೈಟ್ ಉಳಿಸಿ. 20 ಸಲ ಕಳಿಸಿ, ನಡುವಿನ ಫ್ರೇಮ್‌ಗಳಲ್ಲಿ ಹಳೆ ಜಾಗದಿಂದ ಹೊಸ ಜಾಗಕ್ಕೆ ಟ್ಯಾಂಕನ್ನು ನಿಧಾನಕ್ಕೆ ಜಾರಿಸಿದರೆ ಆಟ ನಯವಾಗೇ ಕಾಣುತ್ತದೆ.

ಪ್ರಶ್ನೆ ಕೇಳಿದವರು:
20 ಸಲಕ್ಕೆ ಇಳಿಸಿದೆ, ಯುಡಿಪಿಗೂ ಬಂದೆ, ನಿಜಕ್ಕೂ ವ್ಯತ್ಯಾಸ ಇದೆ, ತುಂಬಾ ಥ್ಯಾಂಕ್ಸ್. ಆದರೆ ಗೆಳೆಯನ ಕೋಡ್ ಸಿ ಭಾಷೆಯದು. ನನ್ನ ಕಡೆ 9 ಬೈಟ್, ಅವನ ಸ್ಟ್ರಕ್ಟ್ (ಫೀಲ್ಡ್‌ಗಳನ್ನು ಒಟ್ಟಿಗೆ ಇಡುವ ರಚನೆ) 10 ಬೈಟ್ ಅನ್ನುತ್ತದೆ. ನಾನು ಸರಣಿ ಸಂಖ್ಯೆ 1 ಕಳಿಸಿದರೆ ಅವನಿಗೆ 256 ಸಿಗುತ್ತದೆ!

ಉತ್ತರ 3:
ಎರಡೂ ಬೇರೆ ಬೇರೆ ಸಮಸ್ಯೆ. ಒಳಗೆ 2 ಬೈಟಿನ ಸಂಖ್ಯೆ ಇರೋದರಿಂದ ಸಿ ಕಂಪೈಲರ್ ಇಡೀ ಸ್ಟ್ರಕ್ಟ್ ಅನ್ನು ಸಮಸಂಖ್ಯೆಗೆ ತರಲು ಕೊನೆಗೆ ಒಂದು ಖಾಲಿ ಬೈಟ್ ಸೇರಿಸಿದೆ. ಸ್ಟ್ರಕ್ಟ್ ಅನ್ನು ಇದ್ದ ಹಾಗೇ ಕಳಿಸಬೇಡಿ, ಒಂದೊಂದೇ ಫೀಲ್ಡ್ ಅನ್ನು ಬಫರ್‌ಗೆ ಬರೆಯಿರಿ, ಓದುವಾಗಲೂ ಹಾಗೇ. 256 ಬಂದದ್ದು ಬೈಟ್ ಕ್ರಮದಿಂದ. ನೀವು ಪೈಥಾನ್‌ನ ಸ್ಟ್ರಕ್ಟ್ ಮಾಡ್ಯೂಲ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದೀರಿ ಅನ್ನಿಸುತ್ತದೆ. ಅದು ನೆಟ್‌ವರ್ಕ್ ಕ್ರಮ, ದೊಡ್ಡ ಬೆಲೆಯ ಬೈಟ್ ಮೊದಲು, ಅದೇ ಇರಲಿ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಣ್ಣ ಬೆಲೆಯ ಬೈಟ್ ಮೊದಲು, ಹಾಗಾಗಿ ಗೆಳೆಯ ಓದುವಾಗ ಎನ್‌ಟಿಒಎಚ್‌ಎಸ್ ಫಂಕ್ಷನ್ (ನೆಟ್‌ವರ್ಕ್ ಕ್ರಮದಿಂದ ಲ್ಯಾಪ್‌ಟಾಪ್ ಕ್ರಮಕ್ಕೆ ತರುವುದು) ಬಳಸಬೇಕು.

ಯುಡಿಪಿಯಲ್ಲಿ ಪ್ಯಾಕೆಟ್ ಹಿಂದುಮುಂದಾಗಿ ಬರಬಹುದು, ಹಳೆ ಸರಣಿ ಸಂಖ್ಯೆ ಬಂದರೆ ಎಸೆದುಬಿಡಿ. ಸುಮ್ನೆ ‘ದೊಡ್ಡದೇ ಹೊಸದು’ ಅಂತ ಬರೆಯಬೇಡಿ. ಸೆಕೆಂಡಿಗೆ 20ರಂತೆ 16 ಬಿಟ್ ಸುಮಾರು 54 ನಿಮಿಷಕ್ಕೆ ಮುಗಿದು ಮತ್ತೆ 0 ಆಗುತ್ತದೆ, ಆಗ ಟ್ಯಾಂಕ್ ನಿಂತೇ ಹೋಗುತ್ತದೆ. ಹೊಸದರಿಂದ ಹಳೆಯದನ್ನು ಕಳೆದು, ಬಂದದ್ದನ್ನು ಸೈನ್ಡ್ (ಋಣ ಸಂಖ್ಯೆಯೂ ಇರುವ) 16 ಬಿಟ್ ಆಗಿ ಓದಿ. ಸೊನ್ನೆಗಿಂತ ಜಾಸ್ತಿ ಇದ್ದರೆ ಹೊಸದು.