ಗಂಟು ಹಾಕಿದ ಫ್ಲೀಸ್ ಹೊದಿಕೆಯ ಅಂಚು ಬಟ್ಟಲಿನ ಹಾಗೆ ಮೇಲೇಳುತ್ತಿದೆ, ಏನು ಮಾಡಲಿ?

ದಾರದುಂಡೆ:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ರಾತ್ರಿ ಕಾಲು ತಣ್ಣಗಾಗುತ್ತದೆ. ಅದಕ್ಕೇ ಫ್ಲೀಸ್ ಅನ್ನುವ ನವಿರಾದ, ಬೆಚ್ಚನೆಯ ಬಟ್ಟೆಯಲ್ಲಿ ಒಂದು ಹೊದಿಕೆ ಮಾಡಲು ಹೊರಟೆ. ಹೊಲಿಗೆ ಬೇಡದ ಬಗೆ. ಎರಡು ಬಟ್ಟೆ ಒಂದರ ಮೇಲೊಂದು ಹಾಸಿ, ಸುತ್ತಲೂ ಪಟ್ಟಿ ಕತ್ತರಿಸಿ, ಮೇಲಿನ ಪಟ್ಟಿಯನ್ನೂ ಕೆಳಗಿನ ಪಟ್ಟಿಯನ್ನೂ ಸೇರಿಸಿ ಗಂಟು ಹಾಕುವುದು. ಬಟ್ಟೆ 150 ಸೆಂ.ಮೀ. ಅಗಲ, 180 ಸೆಂ.ಮೀ. ಉದ್ದ. ನಾಲ್ಕು ಮೂಲೆಯಲ್ಲೂ 10 ಸೆಂ.ಮೀ. ಚೌಕ ಕತ್ತರಿಸಿ ತೆಗೆದಿದ್ದೇನೆ. ಪಟ್ಟಿಗಳು ಎರಡೂವರೆ ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದ. ಬಿಚ್ಚಿಕೊಳ್ಳಬಾರದು ಅಂತ ಪ್ರತಿಯೊಂದಕ್ಕೂ ಎರಡೆರಡು ಗಂಟು, ಗಟ್ಟಿಯಾಗಿ.

ಎರಡು ಸಂಜೆ ಕೂತು ಮುಗಿಸಿದೆ. ಈಗ ನೆಲದ ಮೇಲೆ ಹಾಸಿದರೆ ಅಂಚು ಸುತ್ತಲೂ ನಿರಿಗೆ ಕಟ್ಟಿಕೊಂಡು ಮೇಲೇಳುತ್ತದೆ. ನಡುವೆ ಬಟ್ಟೆ ಉಬ್ಬಿ ನಿಲ್ಲುತ್ತದೆ. ಉದ್ದದ ಎರಡು ಬದಿಗಳಲ್ಲಿ ಪಟ್ಟಿಗಳು ಎಳೆದೂ ಎಳೆದೂ ಇಲಿ ಬಾಲದ ಹಾಗೆ ಸಣ್ಣಗಾಗಿವೆ. ಇಸ್ತ್ರಿ ಹಾಕಿದರೆ ಸರಿಹೋಗುತ್ತದಾ?

ಕುಚ್ಚುಗಾತಿ:
ಪಟ್ಟಿ ಇನ್ನೂ ಅಗಲ ಇರಬೇಕಿತ್ತು ಅನ್ನಿಸುತ್ತದೆ. ನಾಲ್ಕು ಸೆಂ.ಮೀ. ಮಾಡಿದ್ದರೆ ಗಂಟುಗಳೂ ಕಡಿಮೆ, ಎಳೆತವೂ ಕಡಿಮೆ ಅಲ್ವಾ?

ಹಳೇಕತ್ತರಿ:
ದಾರದುಂಡೆ ಅವರೇ, ಮೊದಲು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಡಿ. ಫ್ಲೀಸ್ ಅಂದರೆ ಪಾಲಿಯೆಸ್ಟರ್. ಬಿಸಿ ತಗುಲಿದರೆ ಮೇಲಿನ ನವಿರು ಕರಗಿ ಒತ್ತಿಕೊಂಡು ಬಿಡುತ್ತದೆ. ನಾನು ಒಮ್ಮೆ ಒಂದೇ ಒಂದು ಕ್ಷಣ ಒತ್ತಿದ್ದೆ. ಇಸ್ತ್ರಿ ಪೆಟ್ಟಿಗೆಯ ಮೂತಿಯ ಅಚ್ಚು ಹೊಳೆಯುತ್ತಾ ಉಳಿಯಿತು. ಎಷ್ಟು ಒಗೆದರೂ ಹೋಗಲಿಲ್ಲ.

ಈಗ ಟೇಪು ತೆಗೆದುಕೊಂಡು ಎರಡು ಅಳತೆ ಹೇಳಿ. ಅಗಲದ ದಿಕ್ಕಿನಲ್ಲಿ, ಹೊದಿಕೆಯ ನಡುವೆ ಈ ಕಡೆಯ ಗಂಟಿನಿಂದ ಆ ಕಡೆಯ ಗಂಟಿಗೆ ಎಷ್ಟು? ಅದೇ ಅಗಲ, ಅಂಚಿನಲ್ಲಿ ಗಂಟುಗಳ ಸಾಲಿನ ಉದ್ದಕ್ಕೂ ಅಳೆದರೆ ಎಷ್ಟು?

ದಾರದುಂಡೆ:
ನಡುವೆ ಸರಿಯಾಗಿ 130. ಅಂಚಿನಲ್ಲಿ 108! ಮೂರು ಸಲ ಅಳೆದೆ.

ಹಳೇಕತ್ತರಿ:
ಸಿಕ್ಕಿತು. ನಿಮ್ಮ ಬಟ್ಟೆಯಲ್ಲಿ ತಪ್ಪಿಲ್ಲ, ಕತ್ತರಿಸಿದ್ದರಲ್ಲೂ ತಪ್ಪಿಲ್ಲ. ಆ 22 ಸೆಂ.ಮೀ. ಗಂಟುಗಳ ಹೊಟ್ಟೆಗೆ ಹೋಗಿದೆ.

ಲೆಕ್ಕ ನೋಡಿ. 130 ಸೆಂ.ಮೀ.ಗೆ ಎರಡೂವರೆಯಂತೆ 52 ಪಟ್ಟಿ. ಗಂಟು ಗಟ್ಟಿಯಾಗಿ ಎಳೆದಾಗ ಪಟ್ಟಿಯ ಬುಡ ಹಿಂಡಿಕೊಳ್ಳುತ್ತದೆ. ಒಂದೊಂದು ಬುಡವೂ ನಾಲ್ಕು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಕುಗ್ಗಿದೆ, ಅಷ್ಟೇ. ಒಂದರಲ್ಲಿ ಕಣ್ಣಿಗೂ ಕಾಣುವುದಿಲ್ಲ. 52 ಸೇರಿದರೆ ಸುಮಾರು ಒಂದು ಗೇಣು ಬಟ್ಟೆ ಮಾಯ. ನಡು ಹಾಗೇ ಇದ್ದು ಅಂಚು ಮಾತ್ರ ಚಿಕ್ಕದಾದರೆ ಬಟ್ಟೆ ಬಟ್ಟಲಾಗಲೇಬೇಕು. ಚೀಲದ ಬಾಯಿಗೆ ಲಾಡಿ ಎಳೆದಂತೆ.

ಕುಚ್ಚುಗಾತಿ ಅವರೇ, ಪಟ್ಟಿ ಅಗಲ ಮಾಡಿದರೆ ಇದು ಇನ್ನೂ ಜಾಸ್ತಿಯಾಗುತ್ತದೆ. ನಾಲ್ಕು ಸೆಂ.ಮೀ. ಬುಡವನ್ನು ಅದೇ ಗಂಟಿನೊಳಗೆ ಹಿಂಡಬೇಕಲ್ಲ. ಗಂಟೂ ದಪ್ಪ, ಮಲಗಿದವರಿಗೆ ಒತ್ತುತ್ತದೆ. ಎರಡು ಸೆಂ.ಮೀ. ಆದರೆ ಒಳ್ಳೆಯದೇ, ಎರಡೂವರೆ ದಾಟುವುದು ಬೇಡ.

ಇನ್ನು ಇಲಿ ಬಾಲದ ವಿಷಯ. ಫ್ಲೀಸ್ ಹೆಣೆದ ಬಟ್ಟೆ, ನೇಯ್ದದ್ದಲ್ಲ. ಅಗಲಕ್ಕೆ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟು ಹಿಗ್ಗುವುದಿಲ್ಲ. ಉದ್ದದ ಬದಿಯ ಪಟ್ಟಿಗಳು ಬಟ್ಟೆಯ ಅಗಲದ ದಿಕ್ಕಿಗೇ ಬರುತ್ತವೆ. ಅಲ್ಲಿ ನೀವು ಎಷ್ಟು ಎಳೆದರೂ ಅವು ಬರುತ್ತಲೇ ಇರುತ್ತವೆ, ಕೈಗೆ ಗಂಟು ಕೂತಿದೆ ಅಂತ ಅನ್ನಿಸುವುದೇ ಇಲ್ಲ. ಹಾಗಾಗಿ ಇನ್ನೂ ಎಳೆಯುತ್ತೇವೆ. ಆ ಬದಿಗಳಲ್ಲಿ ಕೈ ಹಗುರ ಇರಬೇಕು.

ದಾರದುಂಡೆ:
ಅರ್ಥವಾಯಿತು. ಹಾಗಾದರೆ ಎಲ್ಲಾ ಬಿಚ್ಚಬೇಕಾ? ಒಟ್ಟು 232 ಗಂಟು.

ಹಳೇಕತ್ತರಿ:
ಬಿಚ್ಚಬೇಕು. ಆದರೆ ಬಟ್ಟೆ ಒಂದಿಷ್ಟೂ ಹಾಳಾಗುವುದಿಲ್ಲ. ಉಗುರಿನಿಂದ ಕೀಳಬೇಡಿ. ಕ್ರೋಶಾ ಕಡ್ಡಿಯನ್ನೋ ಫೋರ್ಕಿನ ಒಂದು ಹಲ್ಲನ್ನೋ ಗಂಟಿನೊಳಗೆ ತೂರಿಸಿ ಅಲ್ಲಾಡಿಸಿ. ಫ್ಲೀಸ್ ಸ್ಪ್ರಿಂಗಿನ ಹಾಗೆ ಪುಟಿಯುವ ಬಟ್ಟೆ, ಗಂಟು ತಾನೇ ಸಡಿಲವಾಗುತ್ತದೆ. ಒಂದು ಬದಿ ಬಿಚ್ಚಿ, ಒಂದು ರಾತ್ರಿ ಸುಮ್ನೆ ಹಾಸಿ ಬಿಡಿ. ಹಿಗ್ಗಿದ ಪಟ್ಟಿಗಳು ಹೆಚ್ಚುಕಡಿಮೆ ಮೊದಲಿನ ಹಾಗೆ ಆಗುತ್ತವೆ.

ಆಮೇಲೆ ಗಂಟು ಬೇಡ, ತೂರಿಸಿ ಎಳೆಯುವ ಕ್ರಮ ಮಾಡಿ. ಮೇಲಿನ, ಕೆಳಗಿನ ಪಟ್ಟಿ ಎರಡನ್ನೂ ಜೊತೆಗೇ ಹಿಡಿಯಿರಿ. ತುದಿಯನ್ನು ಹೊದಿಕೆಯ ಕಡೆಗೆ ಮಡಚಿ. ಮಡಿಕೆ ಬುಡದಿಂದ ಒಂದೂವರೆ ಸೆಂ.ಮೀ. ದೂರದಲ್ಲಿ ಬರಲಿ. ಮಡಿಕೆಯ ಸರಿ ನಡುವೆ ಅರ್ಧ ಸೆಂ.ಮೀ. ಒಂದೇ ಕತ್ತರಿ ಹಾಕಿ. ಬಿಡಿಸಿದರೆ ಪಟ್ಟಿಯ ಉದ್ದಕ್ಕೆ ಒಂದು ಸೆಂ.ಮೀ. ಸೀಳು, ಅಂಗಿಯ ಕಾಜದ ಹಾಗೆ. ಈಗ ಎರಡೂ ತುದಿಗಳನ್ನು ಅಡಿಯಿಂದ ತಂದು ಆ ಸೀಳಿನಲ್ಲಿ ಮೇಲಕ್ಕೆ ತೂರಿಸಿ, ಮೆಲ್ಲಗೆ ಎಳೆಯಿರಿ. ಪಟ್ಟಿ ತನ್ನೊಳಗೇ ಒಂದು ಸುತ್ತು ತಿರುಗಿ ಕೂರುತ್ತದೆ. ಬುಡ ಹಿಂಡುವುದಿಲ್ಲ, ಎರಡೂ ಪದರ ಕಚ್ಚಿಕೊಂಡಿರುತ್ತವೆ. ಸುತ್ತು ಕೂತಿತು ಅನ್ನಿಸಿದ ಕೂಡಲೇ ಕೈ ಬಿಡಿ, ಅಲ್ಲಿಂದ ಮುಂದೆ ಎಳೆದದ್ದೆಲ್ಲ ನಷ್ಟವೇ.

ಸೀಳು ಹರಿದುಕೊಂಡು ಹೋಗುತ್ತದೆ ಅನ್ನುವ ಭಯ ಬೇಡ. ಹೆಣೆದ ಬಟ್ಟೆಯಾದ್ದರಿಂದ ಕತ್ತರಿಸಿದ ಕಡೆ ನೂಲು ಬಿಚ್ಚಿಕೊಳ್ಳುವುದಿಲ್ಲ. ಸೀಳು ಉದ್ದವಾದರೆ ಮಾತ್ರ ಸುತ್ತು ಜಾರುತ್ತದೆ. ಮೊದಲು ಕತ್ತರಿಸಿ ಉಳಿದ ಚೂರಿನಲ್ಲಿ ನಾಲ್ಕೈದು ಸಲ ಮಾಡಿ ನೋಡಿ, ಮೂಲೆಯ ಚೌಕಗಳು ಇದ್ದೇ ಇರುತ್ತವಲ್ಲ.

ಪ್ರತಿ ಹತ್ತು ಪಟ್ಟಿಗೆ ಒಮ್ಮೆ ಟೇಪು ಇಟ್ಟು ನೋಡಿ. ಹತ್ತು ಪಟ್ಟಿಗೆ 25 ಸೆಂ.ಮೀ. ಇರಬೇಕು, 24 ಆದರೂ ಪರವಾಗಿಲ್ಲ. 23ಕ್ಕೆ ಇಳಿದರೆ ಕೈ ಬಿಗಿಯಾಗಿದೆ ಅಂತ. ಆಗಲೇ ಸಡಿಲಿಸಿಬಿಡಿ, ಕೊನೆಯವರೆಗೆ ಕಾಯಬೇಡಿ.

ಸೂಜಿಮೊನೆ:
ನಡುವೆ ನುಗ್ಗುತ್ತಿದ್ದೇನೆ, ಕ್ಷಮಿಸಿ. ನಾನು ಅಂಚನ್ನು ಮಡಚಿ ಮೆಷಿನ್‌ನಲ್ಲಿ ಹೊಲಿಯುತ್ತಿದ್ದೇನೆ. ಅಂಚು ಅಲೆ ಅಲೆಯಾಗುತ್ತದೆ, ಹೊಲಿಗೆ ಅಲ್ಲಲ್ಲಿ ತಪ್ಪುತ್ತದೆ.

ಹಳೇಕತ್ತರಿ:
ಇದು ಉಲ್ಟಾ ಕಾಯಿಲೆ. ಅವರದ್ದು ಅಂಚು ಕುಗ್ಗಿದೆ, ನಿಮ್ಮದು ಹಿಗ್ಗಿದೆ. ಬಟ್ಟೆಯನ್ನು ಹಿಂದಿನಿಂದ ಎಳೆಯಬೇಡಿ, ಮೆಷಿನ್ನೇ ಎಳೆದುಕೊಳ್ಳಲಿ. ಬಟ್ಟೆಯನ್ನು ಒತ್ತಿ ಹಿಡಿಯುವ ಮೆಷಿನ್ ಪಾದದ ಒತ್ತಡವನ್ನು ತಿರುಗಿಸಿ ಕಡಿಮೆ ಮಾಡಿ. ಹೊಲಿಗೆಯ ಉದ್ದ ಮೂರರಿಂದ ನಾಲ್ಕು ಮಿಲಿಮೀಟರ್ ಇಡಿ. ಹೊಲಿಗೆ ತಪ್ಪುವುದು ಹೆಚ್ಚಾಗಿ ಸೂಜಿಯಿಂದ. ಬಾಲ್‌ಪಾಯಿಂಟ್ ಸೂಜಿ, 90/14 ಅಳತೆಯದ್ದು, ಹಾಕಿ. ಅದರ ಮೊನೆ ದುಂಡಗಿರುತ್ತದೆ, ನೂಲನ್ನು ಚುಚ್ಚದೆ ನಡುವೆ ಜಾರುತ್ತದೆ. ದಾರ ಪಾಲಿಯೆಸ್ಟರ್ ಇರಲಿ. ಮತ್ತೆ ಬಾಬಿನ್ ಗೂಡನ್ನು ಬ್ರಷ್‌ನಿಂದ ಆಗಾಗ ಗುಡಿಸಿ. ಫ್ಲೀಸ್ ನವಿರು ಅಲ್ಲಿ ಹತ್ತಿಯ ಹಾಗೆ ತುಂಬಿಕೊಳ್ಳುತ್ತದೆ.

ದಾರದುಂಡೆ:
ನಾಲ್ಕು ದಿನ ಆಯಿತು, ಬಂದು ಹೇಳಬೇಕು ಅನ್ನಿಸಿತು. ಮೂರು ಬದಿ ಮುಗಿದಿದೆ. ಅಗಲದ ಅಂಚು 108 ಇದ್ದದ್ದು ಈಗ 127! ಹಾಸಿದರೆ ಚಾಪೆಯ ಹಾಗೆ ಮಲಗುತ್ತದೆ. ಮೊದಲ ಹತ್ತು ಪಟ್ಟಿ ಕಷ್ಟವಾಯಿತು, ಆಮೇಲೆ ಕೈಗೆ ತಾಳ ಸಿಕ್ಕಿತು. ಮಡಚು, ಕತ್ತರಿಸು, ತೂರಿಸು. ಆದರೆ ಒಂದು ಮೂಲೆ ಇನ್ನೂ ಕಿವಿ ಎತ್ತಿದ ಹಾಗೆ ನಿಂತಿದೆ.

ಹಳೇಕತ್ತರಿ:
ಮೂಲೆಯಲ್ಲಿ ಎರಡು ಬದಿಯ ಮೊದಲ ಪಟ್ಟಿಗಳು ಒಂದೇ ಜಾಗದಿಂದ ಎಳೆಯುತ್ತವೆ. ಆ ಎರಡನ್ನೂ, ಅವುಗಳ ಪಕ್ಕದ ಒಂದೊಂದನ್ನೂ ಸ್ವಲ್ಪ ಹಿಂದಕ್ಕೆ ಸಡಿಲಿಸಿ. ಸುತ್ತು ಬಿಚ್ಚುವುದು ಬೇಡ, ಬೆರಳಿನಿಂದ ಬುಡವನ್ನು ಅಗಲಿಸಿದರೆ ಸಾಕು.

ಕುಚ್ಚುಗಾತಿ:
ನಾನೂ ಒಂದು ಶುರು ಮಾಡುತ್ತಿದ್ದೇನೆ, ಎರಡು ಸೆಂ.ಮೀ. ಪಟ್ಟಿ! ಅಕ್ಕನಿಗೆ ಮಗು ಹುಟ್ಟಲಿದೆ. ಒಗೆಯುವುದು ಹೇಗೆ?

ಹಳೇಕತ್ತರಿ:
ತಣ್ಣೀರು, ಸಾಧಾರಣ ಸೋಪು. ಬಟ್ಟೆ ಮೆತ್ತಗಾಗಲು ಹಾಕುವ ಸಾಫ್ಟ್‌ನರ್ ಬೇಡ, ಅದು ಎಳೆಗಳಿಗೆ ಅಂಟಿಕೊಂಡು ನವಿರನ್ನು ಮಂಕು ಮಾಡುತ್ತದೆ. ನೆರಳಿನಲ್ಲಿ ಹರಡಿ, ಬೇಗ ಒಣಗುತ್ತದೆ.

ಮಗುವಿಗೆ ಅಂದಿರಲ್ಲ, ಒಂದು ಮಾತು ಖಂಡಿತ ನೆನಪಿಡಿ. ಒಂದು ವರ್ಷ ತುಂಬುವವರೆಗೆ ಮಲಗಿದ ಮಗುವಿನ ಹತ್ತಿರ ಯಾವ ಸಡಿಲ ಹೊದಿಕೆಯೂ ಇರಬಾರದು, ಮುಖದ ಮೇಲೆ ಬಂದರೆ ಉಸಿರು ಕಟ್ಟುತ್ತದೆ. ಎಚ್ಚರವಿದ್ದಾಗ, ನೀವು ಪಕ್ಕದಲ್ಲೇ ಇದ್ದಾಗ, ನೆಲಕ್ಕೆ ಹಾಸಿ ಆಡಿಸಿ. ಅದಕ್ಕೆ ಕುಚ್ಚು ಬಿಡಬೇಡಿ. ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಸೂಜಿಮೊನೆ ಅವರ ಹಾಗೆ ಅಂಚು ಮಡಚಿ ಹೊಲಿದುಬಿಡಿ.

ದಾರದುಂಡೆ:
ಮೂಲೆ ಕೂತಿತು. ನಾಲ್ಕನೇ ಬದಿಯೂ ಮುಗಿಯಿತು. ಅಮ್ಮ ಕಾಲ ಮೇಲೆ ಹಾಕಿಕೊಂಡು ಅಂಚಿನ ಕುಚ್ಚುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರುತ್ತಾ ಕೂತಿದ್ದಾರೆ.