ಅಂಡಮಾನಿಗೆ ಕೆಲಸಕ್ಕ ಹೋಗಬೇಕಂತೀವಿ: ಗೊತ್ತಿದ್ದವರು ಹೇಳ್ರಿ

ಕೇಳಿದವರು, ಕಲಬುರಗಿ:
ನಂದು ಐಟಿಐ ಎಲೆಕ್ಟ್ರಿಷಿಯನ್, ಎಸಿ ರಿಪೇರಿನೂ ಬರ್ತದ. ನಮ್ಮ ಅಣ್ಣ ಗೌಂಡಿ. ಪೋರ್ಟ್ ಬ್ಲೇರ್‌ದಾಗ ಕೆಲಸ ಅದ, ಬರ್ರಿ ಅಂತ ಒಬ್ಬ ಗುತ್ತೇದಾರ ಕರಿಲಾಕ ಹತ್ಯಾನ. ಇಬ್ಬರೂ ಹೋಗಬಹುದಾ? ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಹೋಗಬೇಕಾ? ಹತ್ಯಾರ ಏನೇನು ಒಯ್ಯಬೇಕು?

ವಾಡಿಯಿಂದ, ಎಸಿ ಮತ್ತು ಜನರೇಟರ್ ಕೆಲಸದವರು:
ತಮ್ಮಾ, ನಿನಗ ವರ್ಷಪೂರ್ತಿ ಕೆಲಸ ಸಿಗ್ತದ. ನಿಮ್ಮ ಅಣ್ಣಗ ಹಂಗಲ್ಲ, ಅದನ್ನ ಗೌಂಡಿ ಮಂದಿನೇ ಹೇಳಲಿ.

ಅಲ್ಲಿ ಕರೆಂಟ್ ನಮ್ಮ ದೇಶದ ಗ್ರಿಡ್‌ನಿಂದ ಹೋಗಲ್ಲ. ಬಹುಪಾಲು ಡೀಸೆಲ್ ಮ್ಯಾಲ ಅಲ್ಲೇ ತಯಾರಾಗ್ತದ. ಅದಕ್ಕ ಹೋಟೆಲ್, ರೆಸಾರ್ಟ್‌ದವರು ತಮ್ಮದೇ ಜನರೇಟರ್ ಇಟ್ಟಿರ್ತಾರ. ಬರೇ ವೈರಿಂಗ್ ಬರ್ತದ ಅಂದ್ರ ಹತ್ತು ಮಂದಿಯಂಗ ನೀನೂ ಒಬ್ಬ ಆಗ್ತಿ. ಎಎಂಎಫ್ ಪ್ಯಾನೆಲ್ (ಕರೆಂಟ್ ಹೋದ್ರ ಜನರೇಟರ್ ತಾನೇ ಚಾಲೂ ಮಾಡೋದು), ಚೇಂಜ್‌ಓವರ್ ಕಾಂಟ್ಯಾಕ್ಟರ್ (ಲೈನಿನಿಂದ ಜನರೇಟರಿಗೆ ಬದಲಿಸೋ ಸ್ವಿಚ್ಚು), ಬ್ಯಾಟರಿ ಚಾರ್ಜರ್ ಕೆಟ್ಟದ್ದು ಹುಡುಕ್ಲಾಕ ಬಂದ್ರ ಮಾತೇ ಬ್ಯಾರೆ. ಹೋಗೂಕಿಂತ ಮೊದಲ ಎರಡು ತಿಂಗಳು ಇಲ್ಲೇ ಯಾವುದಾದ್ರೂ ಜನರೇಟರ್ ಸರ್ವಿಸ್‌ದವರ ಕೈಯಾಗ ಕಲಿ.

ಎಸಿ ವಿಷಯ. ನಮ್ಮ ಕಡಿ ಔಟ್‌ಡೋರ್ ಯೂನಿಟ್ ಧೂಳಿಗೆ ಕೆಡ್ತದ, ಅಲ್ಲಿ ಉಪ್ಪುಗಾಳಿಗೆ. ಅದರ ಕಂಡೆನ್ಸರ್‌ದಾಗ, ಅಂದ್ರ ಬಿಸಿ ಹೊರಗ ಹಾಕೋ ಭಾಗದಾಗ, ತಾಮ್ರದ ಪೈಪಿಗೆ ಅಲ್ಯೂಮಿನಿಯಂ ಫಿನ್ (ತೆಳ್ಳನ ತಗಡು) ಹತ್ತಿ ಕೂತಿರ್ತದ. ಎರಡು ಲೋಹದ ನಡುವ ಉಪ್ಪುನೀರು ಸೇರಿದ್ರ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರ್ತದ. ಗ್ಯಾಸ್ ಪೂರ್ತಿ ಇದ್ರೂ ಕೂಲಿಂಗ್ ಬರಲ್ಲ. ಅಲ್ಲಿ ಗ್ಯಾಸ್ ತುಂಬಬ್ಯಾಡ, ಮೊದಲ ಫಿನ್ ನೋಡು. ತಿಂಗಳಿಗೊಮ್ಮೆ ಸಿಹಿನೀರಿಲೆ ಮೆಲ್ಲಕ ತೊಳಿಬೇಕು. ಪ್ರೆಶರ್ ಪಂಪ್ ಹಚ್ಚಿದ್ರ ಫಿನ್ ಮಡಚಿ ಗಾಳಿ ದಾರಿ ಮುಚ್ಚಿಬಿಡ್ತದ. ಸ್ಟ್ಯಾಂಡಿಗೆ ಸಾದಾ ನಟ್ ಬೋಲ್ಟ್ ಬ್ಯಾಡ. 304 ನಂಬರಿನ ಸ್ಟೇನ್‌ಲೆಸ್ ಸ್ಟೀಲಿಗೂ ಕಡಲ ಅಂಚಿನಾಗ ಕಂದು ಕಲೆ ಬರ್ತದ. 316 ತಗೋ. ಇನ್ವರ್ಟರ್ ಎಸಿ ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್ (ತ್ಯಾವ ತಡಿಯೋ ತೆಳ್ಳನ ಲೇಪ) ಹೊಡಿ, ಕನೆಕ್ಟರ್ ಮ್ಯಾಲ ಮಾತ್ರ ಹೊಡಿಬ್ಯಾಡ. ವೈರಿನ ತುದಿಗೆ ತವರ ಲೇಪಿಸಿದ ಲಗ್, ಹೊರಗಿನ ಬಾಕ್ಸ್ ಐಪಿ 65, ಅಂದ್ರ ಧೂಳು, ನೀರು ಒಳಗ ಬಿಡದಂಥದು.

ಸ್ಪೇರ್ ಎಲ್ಲಾ ದೊಡ್ಡ ಊರಿನಿಂದ ಹಡಗಿನ ಮ್ಯಾಲ ಬರ್ಬೇಕು. ಮಳಿಗಾಲದಾಗ ತಡ ಆಗೇ ಆಗ್ತದ. 25, 35, 50 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ಫ್ಯಾನಿಂದು 2.5, ಒಂದೆರಡು ಕಾಂಟ್ಯಾಕ್ಟರ್ ಕಾಯಿಲ್ ಯಾವಾಗಲೂ ಚೀಲದಾಗ ಇರ್ಲಿ.

ಶಹಾಬಾದದಿಂದ, ಗೌಂಡಿ ಮೇಸ್ತ್ರಿ:
ಅಣ್ಣನ ವಿಷಯ ನಾ ಹೇಳ್ತೀನಿ. ಅಲ್ಲಿ ಮೇ ತಿಂಗಳಿಗೆ ಶುರುವಾದ ಮಳಿ ಡಿಸೆಂಬರ್ ತನಕ ಬಿಡಲ್ಲ. ಮುಂಗಾರು, ಹಿಂಗಾರು ಎರಡೂ ಸಿಗ್ತಾವ. ವರ್ಷಕ್ಕ ಸುಮಾರು 3000 ಮಿಲಿಮೀಟರ್, ಅಂದ್ರ ನಮ್ಮ ಜಿಲ್ಲಾದ ಸುಮಾರು ನಾಲ್ಕು ಪಟ್ಟು. ಹೊರಗಿನ ಕಾಂಕ್ರೀಟ್ ಕೆಲಸ ಜೋರು ನಡಿಯೋದು ಜನವರಿಯಿಂದ ಏಪ್ರಿಲ್. ಉಳಿದ ತಿಂಗಳು ಒಳಗಿನ ಪ್ಲಾಸ್ಟರ್, ಟೈಲ್ಸ್, ಸೋರಿಕೆ ರಿಪೇರಿ. ಇವು ಬರದಿದ್ರ ಕೂತು ಉಣ್ಣಬೇಕಾಗ್ತದ. ನಮ್ಮ ಪರಸಿ (ಶಹಾಬಾದ ಕಲ್ಲು) ಹಾಸೋ ಕೈಚಳಕಕ್ಕ ಅಲ್ಲಿ ಗಿರಾಕಿ ಇಲ್ಲ ಅಂತನೇ ತಿಳೀರಿ.

ಇಲ್ಲಿ ಸ್ಲ್ಯಾಬಿಗೆ 20 ಮಿಲಿ ಕವರ್ ಬ್ಲಾಕ್ (ರಾಡಿನ ಹೊರಗ ಅಷ್ಟು ಕಾಂಕ್ರೀಟ್ ಇರ್ಲಿ ಅಂತ ಇಡೋ ತುಂಡು) ಇಟ್ಟು ಸುಮ್ಮನಾಗ್ತೀವಿ. ಕಡಲ ದಂಡಿ ಕಟ್ಟಡಕ್ಕ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ 45 ಮಿಲಿ ಕವರ್, ಎಂ30 ದರ್ಜೆಯ ಕಾಂಕ್ರೀಟ್, ನೀರು ಸಿಮೆಂಟಿನ ಪ್ರಮಾಣ 0.45ಕ್ಕಿಂತ ಹೆಚ್ಚಿರಬಾರದು. ತೆರೆ ಸಿಡಿಯೋ ಜಾಗಕ್ಕ 50 ಮಿಲಿ, ಎಂ35. 50 ಕಿಲೋ ಚೀಲಕ್ಕ 0.45 ಅಂದ್ರ ಇಪ್ಪತ್ತೆರಡೂವರಿ ಲೀಟರ್ ನೀರು, ಅದೂ ಉಸುಕಿನಾಗಿನ ತ್ಯಾವ ಸೇರಿ. ಮಳಿಗೆ ತೊಯ್ದ ಉಸುಕು ಹಾಕಿ ಮ್ಯಾಲ ಮತ್ತ ಅಷ್ಟೇ ನೀರು ಸುರಿದ್ರ ಲೆಕ್ಕ ತಪ್ಪಿತು. ಉಪ್ಪು ಒಳಗ ಇಳಿದು ಕಬ್ಬಿಣ ಉಬ್ಬಿ ಕಾಂಕ್ರೀಟ್ ಸೀಳ್ತದ. ಕ್ಯೂರಿಂಗಿಗೂ ಸಮುದ್ರದ ನೀರು ಮುಟ್ಟಬ್ಯಾಡ್ರಿ.

ಇನ್ನೊಂದು, ಅದು ಭೂಕಂಪ ಹೆಚ್ಚು ಆಗೋ ಪ್ರದೇಶ. 2004ರ ಸುನಾಮಿ ಎಲ್ಲರಿಗೂ ಗೊತ್ತು. ಕಾಲಂ ರಾಡಿನ ಸುತ್ತ ಕಟ್ಟೋ ರಿಂಗಿನ ಹುಕ್ (ತುದಿ) 90 ಡಿಗ್ರಿ ಮಡಚಿದ್ರ ಎಂಜಿನಿಯರ್ ಬಿಚ್ಚಸ್ತಾನ. 135 ಡಿಗ್ರಿ ಇರ್ಬೇಕು, ಮಡಚಿದ ಮ್ಯಾಲ ಉಳಿಯೋ ಬಾಲ ರಿಂಗಿನ ರಾಡಿನ ದಪ್ಪದ ಆರು ಪಟ್ಟು, ಆದ್ರ 65 ಮಿಲಿಗಿಂತ ಕಮ್ಮಿ ನಡಿಯಲ್ಲ. 8 ಮಿಲಿ ರಿಂಗಿಗೆ ಆರು ಪಟ್ಟು 48 ಆಗ್ತದ, ಆದ್ರೂ 65 ಬಿಡಬೇಕು. ರಿಂಗ್ ಕತ್ತರಿಸೂವಾಗಲೇ ಉದ್ದ ಹೆಚ್ಚಿಗಿ ಹಿಡೀರಿ.

ಯಾದಗಿರಿಯಿಂದ, ಕಾಗದಪತ್ರ ನೋಡಿಕೊಳ್ಳುವವರು:
ಪೋರ್ಟ್ ಬ್ಲೇರಿಗೆ ಈಗ ಸರ್ಕಾರಿ ಹೆಸರು ಶ್ರೀ ವಿಜಯಪುರಂ, 2024ರ ಸೆಪ್ಟೆಂಬರ್‌ನಿಂದ. ಪತ್ರದಲ್ಲಿ ಹಾಗೆ ಕಂಡರೆ ನಮ್ಮ ಗೋಳಗುಮ್ಮಟದ ವಿಜಯಪುರ ಅಂದುಕೊಳ್ಳಬೇಡಿ! ಭಾರತೀಯರಿಗೆ ಅಲ್ಲಿಗೆ ಹೋಗಲು ಪರ್ಮಿಟ್ ಬೇಡ. ನಿಕೋಬಾರ್ ಕೆಲಸ ಅಂದರೆ ಪಾಸ್ ಬೇಕು, ಅದನ್ನು ಗುತ್ತೇದಾರನೇ ಮಾಡಿಸಿ ಕೈಗೆ ಕೊಡಲಿ. ಆದಿವಾಸಿ ಮೀಸಲು ಪ್ರದೇಶದೊಳಗೆ ಕಾಲಿಟ್ಟರೆ ಕೇಸ್ ಆಗುತ್ತದೆ.

ಬರವಣಿಗೆಯಲ್ಲಿ ತೆಗೆದುಕೊಳ್ಳಿ: ಪಗಾರ ತಿಂಗಳಿನದೋ ದಿನಗೂಲಿಯೋ, ಮಳೆಯಿಂದ ಕೆಲಸ ನಿಂತ ದಿನಕ್ಕೆ ಎಷ್ಟು, ರೂಮು ಯಾರದು, ಬಿದ್ದು ಪೆಟ್ಟಾದರೆ ಖರ್ಚು ಯಾರದು, ವಾಪಸ್ ಟಿಕೆಟ್ ಯಾರದು. ಐಟಿಐ ಸರ್ಟಿಫಿಕೇಟ್ ಎನ್‌ಸಿವಿಟಿಯದಾದರೆ (ರಾಷ್ಟ್ರೀಯ ವೃತ್ತಿ ತರಬೇತಿ ಮಂಡಳಿ) ದೇಶಾದ್ಯಂತ ನಡೆಯುತ್ತದೆ. ಆದರೆ ಮೂಲಪ್ರತಿ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಸಾಕು. ಪಿಎಫ್ ಹಳೆಯ ಯುಎಎನ್‌ಗೇ (ನಿಮ್ಮ ಪಿಎಫ್ ಸಂಖ್ಯೆಗೇ) ಹಾಕಿಸಿ. ಸರ್ಕಾರಿ ನೌಕರಿ ಕೊಡಿಸುತ್ತೇನೆ ಅಂದರೆ ಆ ಮಾತು ಅಲ್ಲಿಗೇ ಬಿಡಿ.

ಅಣ್ಣನ ಕಾರ್ಮಿಕ ಕಾರ್ಡ್ ನವೀಕರಣಕ್ಕೆ ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದಾಖಲೆ ಬೇಕು. ಅವಧಿ ನೋಡಿಕೊಂಡು ಹೊರಡಲಿ. ಮಕ್ಕಳಿಗೆ 371 ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಪ್ರಮಾಣಪತ್ರ ಇಲ್ಲಿರುವಾಗಲೇ ಮಾಡಿಸಿಡಿ.

ಕೇಳಿದವರು:
ಟಿಕೆಟ್ ರೊಕ್ಕ ಮೊದಲನೇ ಪಗಾರದಾಗ ಹಿಡ್ಕೋತೀನಿ ಅಂತಾನ ಗುತ್ತೇದಾರ. ಒಪ್ಪಬಹುದಾ?

ಯಾದಗಿರಿಯಿಂದ:
ಒಮ್ಮೆಗೇ ಬೇಡ. ಮೂರು ನಾಲ್ಕು ಕಂತು ಮಾಡಿಸಿ, ಆ ಅಂಕಿ ಪತ್ರದಲ್ಲಿ ಬರಲಿ. ಮೊದಲ ತಿಂಗಳು ಕೈಗೆ ಏನೂ ಬರದಿದ್ದರೆ ಎರಡನೇ ತಿಂಗಳಿಗೆ ಅವನ ಹತ್ತಿರವೇ ಮುಂಗಡ ಕೇಳಬೇಕಾಗುತ್ತದೆ. ಆಮೇಲೆ ಬಿಟ್ಟು ಬರಲು ಆಗುವುದಿಲ್ಲ.

ಬೀದರದಿಂದ:
ಸಂಸಾರ ಈಗಲೇ ಬ್ಯಾಡ್ರಿ. ಹಿಂದಿ ಅಲ್ಲಿ ಎಲ್ಲರ ನಡುವಿನ ಭಾಷೆ, ನಮ್ಮ ಮಂದಿಗಿ ಅದರ ತ್ರಾಸಿಲ್ಲ. ಆದ್ರ ಸಾಲ್ಯಾಗ ಕನ್ನಡ ಇಲ್ಲ. ಮೊದಲ ಜನವರಿಗೆ ನೀವಿಬ್ಬರೇ ಹೋಗಿ ಏಪ್ರಿಲ್ ತನಕ ನೋಡ್ರಿ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬ್ಯಾರೆ. ಐದರ ಸುಮಾರಿಗೆ ಬೆಳಕಾಗ್ತದ, ಸಂಜಿ ಐದೂವರಿಗೆಲ್ಲಾ ಕತ್ತಲಾಗ್ಲಾಕ ಶುರು. ಹೊರಗಿನ ಕೆಲಸ ಮುಂಜಾನೇನೇ ಹಿಡಿಬೇಕು.

ಕಲಬುರಗಿ, ಯಾದಗಿರಿ ಎರಡೂ ಕಡಿಯಿಂದ ಚೆನ್ನೈಗೆ ನೇರ ರೈಲು ಅವ. ಅಲ್ಲಿಂದ ವಿಮಾನ ಎರಡು ತಾಸಿನ ಮ್ಯಾಲ ಸ್ವಲ್ಪ, ಹಡಗು ಮೂರು ದಿನ ಹಿಡೀರಿ. ವಿಮಾನಕ್ಕ ಪಕ್ಕಡ, ಸ್ಕ್ರೂಡ್ರೈವರ್, ಡ್ರಿಲ್ ಚೆಕ್‌ಇನ್ ಬ್ಯಾಗಿನಾಗ. ಡ್ರಿಲ್ಲಿನ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಾಗ. 18 ವೋಲ್ಟ್ 5 ಆಂಪಿಯರ್ ಅವರ್ ಅಂದ್ರ 90 ವಾಟ್ ಅವರ್, 100ರ ಮಿತಿ ಒಳಗದ. ಗ್ಯಾಸ್ ಸಿಲಿಂಡರ್, ಬ್ರೇಜಿಂಗ್ ಟಾರ್ಚಿನ ಡಬ್ಬಿ ಬಿಡಲ್ಲ, ಅಲ್ಲೇ ತಗೋರಿ. ಗ್ಯಾಸ್ ಒತ್ತಡ ನೋಡೋ ಗೇಜ್ ಸೆಟ್ಟು, ಪೈಪಿನ ಬಾಯಿ ಅಗಲ ಮಾಡೋ ಫ್ಲೇರಿಂಗ್ ಟೂಲು ಮಾತ್ರ ನಿಮ್ಮದೇ ಒಯ್ರಿ.