ವೃತ್ತದ ಲೆಕ್ಕದಲ್ಲಿ ಕೋನ ಕಂಡುಹಿಡಿಯುವುದು ಹೇಗೆ? ಅನುಭವ ಇದ್ದವರು ಹೇಳಿ

ಮಂಡ್ಯದಿಂದ ಒಬ್ಬ ತಾಯಿ:
ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಪ್ರಮೇಯ ಕೇಳಿದರೆ ಪಟಪಟ ಹೇಳುತ್ತಾಳೆ. ವೃತ್ತದ ಚಿತ್ರ ಕೊಟ್ಟು ಒಂದು ಕೋನ ಕಂಡುಹಿಡಿ ಅಂದರೆ ಪೆನ್ನು ಹಿಡಿದು ಸುಮ್ನೆ ಕೂರುತ್ತಾಳೆ. ಒಂಬತ್ತನೇ ಕ್ಲಾಸಿನ ಜ್ಯಾ, ಕಂಸ, ಹತ್ತರ ಸ್ಪರ್ಶಕ ಎಲ್ಲ ಒಂದೇ ಚಿತ್ರದಲ್ಲಿ ಬಂದರಂತೂ ಮುಗಿಯಿತು. ಎಲ್ಲಿಂದ ಶುರು ಮಾಡಿಸಲಿ?

ಪಾಂಡವಪುರ, ಹೈಸ್ಕೂಲ್ ಗಣಿತ ಮೇಷ್ಟ್ರು:
ಅಮ್ಮಾ, ಕೇಳಿರುವ ಕೋನದ ಕಡೆ ಮೊದಲೇ ನೋಡುವುದು ಬೇಡ. ವೃತ್ತಕೇಂದ್ರ ಓ ಇಂದ ಪರಿಧಿಯ ಬಿಂದುಗಳಿಗೆ ತ್ರಿಜ್ಯ ಎಳೆಯಲಿ. ಎಷ್ಟೋ ಚಿತ್ರಗಳಲ್ಲಿ ಆ ಗೆರೆ ಇರುವುದಿಲ್ಲ, ಹಾಗಾಗಿ ಮಕ್ಕಳಿಗೆ ಹೊಳೆಯುವುದೂ ಇಲ್ಲ. ಎಳೆದರೆ ಎರಡು ತ್ರಿಜ್ಯ, ಆ ಬಿಂದುಗಳನ್ನು ಕೂಡಿಸುವ ಒಂದು ಜ್ಯಾ ಸೇರಿ ಸಮದ್ವಿಬಾಹು ತ್ರಿಭುಜ ಸಿಗುತ್ತದೆ. ಸ್ಪರ್ಶಕ, ಅಂದರೆ ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆ, ತಾಗುವ ಕಡೆ ತ್ರಿಜ್ಯದ ಜೊತೆ 90 ಡಿಗ್ರಿ ಸಿಗುತ್ತದೆ.

ಒಂದು ಲೆಕ್ಕ ನೋಡಿ. ಹೊರಗಿನ ಪಿ ಬಿಂದುವಿನಿಂದ ಎರಡು ಸ್ಪರ್ಶಕ, ಎ ಮತ್ತು ಬಿ ಹತ್ತಿರ ವೃತ್ತವನ್ನು ಮುಟ್ಟುತ್ತವೆ. ಪಿ ಕೋನ 50. ಎ, ಬಿ ನಡುವಿನ ಪರಿಧಿಯ ದೊಡ್ಡ ತುಂಡಿನ, ಅಂದರೆ ದೊಡ್ಡ ಕಂಸದ ಮೇಲೆ ಸಿ ಇದೆ. ಎಸಿಬಿ ಕೋನ ಎಷ್ಟು? ಓಎ, ಓಬಿ ಎಳೆದರೆ ಪಿಎಓಬಿ ಚತುರ್ಭುಜ. ಎರಡು ಮೂಲೆ 90, ಒಂದು 50. ಒಟ್ಟು 360 ಆಗಬೇಕು, ಹಾಗಾಗಿ ಕೇಂದ್ರದಲ್ಲಿ 130. ಅದೇ ಕಂಸದ ಎದುರು ಪರಿಧಿಯಲ್ಲಿ ಬರುವ ಕೋನ ಕೇಂದ್ರದ ಕೋನದ ಅರ್ಧ, ಹಾಗಾಗಿ 65. ಎ, ಬಿ ಸೇರಿಸಿದರೆ ಓಎಬಿ ಕೋನ 25 ಬರುತ್ತದೆ, ಪಿ ಕೋನದ ಸರಿ ಅರ್ಧ. ಇದು ಯಾವಾಗಲೂ ಹೀಗೇ. ಪಿ ಕೋನ 80 ಇಟ್ಟು ಅವಳೇ ತಾಳೆ ನೋಡಲಿ.

ಮೈಸೂರು, ಪಿಯುಸಿ ವಿದ್ಯಾರ್ಥಿನಿ:
ಆಂಟಿ, ಸರ್ ಹೇಳಿದ ಲೆಕ್ಕದಲ್ಲೇ ಸಿ ಬಿಂದುವನ್ನು ಚಿಕ್ಕ ಕಂಸದ ಮೇಲೆ ಇಡಿಸಿ. ನಮ್ಮ ಕ್ಲಾಸಲ್ಲಿ ಜಾಸ್ತಿ ಜನ ಎಡವುತ್ತಿದ್ದದ್ದು ಅಲ್ಲೇ, ಮತ್ತೆ 65 ಅಂತಲೇ ಬರೆಯುತ್ತಿದ್ದರು. ಈಗ ಆ ಕೋನದ ಎದುರು ಇರುವುದು ದೊಡ್ಡ ಕಂಸ. ಕೇಂದ್ರದಲ್ಲಿ ಆ ಕಡೆಯ ಕೋನ 360 ರಲ್ಲಿ 130 ಕಳೆದರೆ 230. ಅದರ ಅರ್ಧ 115.

ಓಎಸಿಬಿ ನೋಡಿ ಎದುರು ಕೋನಗಳ ಮೊತ್ತ 180 ಅಂದುಬಿಡುವವರೂ ಇದ್ದಾರೆ. ಆ ನಿಯಮಕ್ಕೆ ನಾಲ್ಕೂ ಮೂಲೆ ಪರಿಧಿಯ ಮೇಲೇ ಇರಬೇಕು. ಓ ಇರುವುದು ನಡುವಿನಲ್ಲಿ ಅಲ್ವಾ?

ಮಳವಳ್ಳಿ, ಬಡಗಿ ಕೆಲಸ ಮಾಡುವ ತಂದೆ:
ಅಕ್ಕ, ದುಂಡು ಹಲಗೆಯ ನಡು ಗುರುತು ಮಾಡಲು ನಾವು ಮೂಲೆಮಟ್ಟದ (ಎಲ್ ಆಕಾರದ ಪಟ್ಟಿ) ಮೂಲೆಯನ್ನು ಅಂಚಿಗೆ ತಾಗಿಸಿ ಇಡುತ್ತೇವೆ. ಅದರ ಎರಡು ಕೈ ಅಂಚನ್ನು ದಾಟುವ ಕಡೆ ಗುರುತು ಹಾಕಿ ಗೆರೆ ಎಳೆದರೆ ಅದೇ ವ್ಯಾಸ. ಜಾಗ ಬದಲಿಸಿ ಇನ್ನೊಂದು ಎಳೆದರೆ ಎರಡೂ ಕೂಡುವಲ್ಲಿ ನಡು. ಅರ್ಧವೃತ್ತದ ಕೋನ 90 ಅನ್ನುವ ಪಾಠವೇ ಇದು. ಮನೆಯಲ್ಲಿ ತಿಂಡಿ ತಟ್ಟೆಯ ಸುತ್ತ ಗೆರೆ ಎಳೆದು, ಹಳೇ ಕ್ಯಾಲೆಂಡರ್ ಹಾಳೆಯ ಮೂಲೆ ಇಟ್ಟು ಮಾಡಿಸಿ. ನನ್ನ ಮಗ ಈಗ ಚಿತ್ರದಲ್ಲಿ ವ್ಯಾಸ ಕಂಡರೆ ಮೊದಲು 90 ಹುಡುಕುತ್ತಾನೆ.

ಮಂಡ್ಯದ ತಾಯಿ:
ತುಂಬಾ ಉಪಕಾರವಾಯಿತು. ಮೇಷ್ಟ್ರೇ, ಕೆಲವು ಸಲ ಉತ್ತರ ಸರಿ ಇರುತ್ತದೆ, ಕಾರಣ ಬರೆಯುವುದಿಲ್ಲ. ಏನು ಮಾಡಲಿ?

ಪಾಂಡವಪುರದ ಮೇಷ್ಟ್ರು:
ಪ್ರತಿ ಸಾಲಿನ ಪಕ್ಕ ಕಾರಣ ಬರೆಸಲೇಬೇಕು. 90 ಥರ ಕಾಣುತ್ತೆ ಅಂತ ಬರೆದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕೋನಮಾಪಕ ಇಟ್ಟು ಅಳೆಯುವುದೂ ಬೇಡ, ಲೆಕ್ಕದ ಚಿತ್ರಗಳು ಅಳತೆಗೆ ಸರಿಯಾಗಿರಬೇಕು ಅಂತೇನಿಲ್ಲ. ಎಲ್ಲೂ ದಾರಿ ಕಾಣದಿದ್ದರೆ ಸಮದ್ವಿಬಾಹು ತ್ರಿಭುಜದ ಒಂದು ಪಾದಕೋನವನ್ನು ಎಕ್ಸ್ ಅಂತ ಇಟ್ಟುಕೊಳ್ಳಲಿ. ಇನ್ನೊಂದೂ ಎಕ್ಸ್, ಕೇಂದ್ರದಲ್ಲಿ 180 ಕಳೆ 2 ಎಕ್ಸ್. ಅಲ್ಲಿಂದ ಮುಂದೆ ಅವಳಿಗೆ ಗೊತ್ತಿರುವ ಸಮೀಕರಣವೇ.